ಚಾಚಿಯ ಕಿಟಕಿಯ ಗಿಡ

ಹೋದ ವಾರ ಯಾದಗಿರಿಯ ಮಗಳ ಮನೆಗೆ ಹೋದಾಗ ಪಡಸಾಲೆಯ ಮೂಲೆಯಲ್ಲೊಂದು ಕುಂಡ ಇತ್ತು. ಎಲೆಗಳೆಲ್ಲ ಅದರ ಅಂಚಿನ ಮೇಲೆ ಜೋತುಬಿದ್ದಿದ್ದವು. ಮಗಳು ನಾಲ್ಕು ದಿನ ಊರಲ್ಲಿರಲಿಲ್ಲವಂತೆ. ಇದಕ್ಕೆ ಪೀಸ್ ಲಿಲಿ ಅನ್ನುತ್ತಾರೆ, ನೀರು ಹಾಕಿದರೆ ತಾಸಿನಲ್ಲಿ ಎದ್ದು ನಿಲ್ಲುತ್ತದೆ ನೋಡು ಎಂದು ಚೊಂಬು ಎತ್ತಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎಂಬತ್ತು ದಾಟಿದ ಮುದುಕಿ ಒಂದು ಗಿಡಕ್ಕೆ ಹೆದರುವುದೆಂದರೆ ನಗುವವರೇ ಹೆಚ್ಚು. ಆದರೂ ಹೆದರಿದೆ.

ದೇವಾಪುರದಿಂದ ಸುರಪುರಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನಾರು ತುಂಬಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಕಚೇರಿಯ ಮುಸಲ್ಮಾನ ಗುಮಾಸ್ತರೂ ಅವರ ಹೆಂಡತಿಯೂ ಇದ್ದರು. ಮಕ್ಕಳಿರಲಿಲ್ಲ. ಓಣಿಗೆಲ್ಲ ಅವಳು ಚಾಚಿ. ಹೈದರಾಬಾದಿನ ಯಾವುದೋ ಬಂಗಲೆಯ ಮಾಲಿ ಕಿತ್ತುಕೊಟ್ಟ ಇದೇ ಗಿಡದ ಬುಡವನ್ನು ತಂದು ಕುಂಡದಲ್ಲಿ ನೆಟ್ಟು, ಓಣಿಯ ಕಡೆಯ ಕಿಟಕಿಯ ಸರಳುಗಳ ಹಿಂದೆ ಇಟ್ಟಿದ್ದಳು. ಆ ಕಿಟಕಿಗೆ ಬಿಸಿಲು ಬೀಳುತ್ತಿರಲಿಲ್ಲ. ಬಿಸಿಲು ತಾಗಿದರೆ ಎಲೆ ಸುಡುತ್ತದೆ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಒದ್ದೆ ಅರಿವೆಯಿಂದ ಒಂದೊಂದೇ ಎಲೆ ಒರೆಸುವಳು, ಹಸುಗೂಸಿನ ಮುಖ ಒರೆಸಿದ ಹಾಗೆ. ಅದರ ಬಿಳಿ ಹೂವನ್ನು ಹೋಗಿ ಬರುವವರೆಲ್ಲ ನಿಂತು ನೋಡುತ್ತಿದ್ದರು.

ಒಮ್ಮೆ ಗಿಡ ಪೂರ್ತಿ ಮಲಗಿದ್ದು ನೋಡಿ ನಾನು ಗಾಬರಿಯಾದೆ. ಚಾಚಿ ನಕ್ಕಳು. "ಸತ್ತಿಲ್ಲ ತಂಗಿ, ನೀರ ಕೇಳಾಕತ್ತೈತಿ," ಎಂದು ನನ್ನ ಕೈಯಿಂದಲೇ ಹಾಕಿಸಿದಳು. ಎಲೆ ಬಾಗಿದ ಮೇಲೆಯೇ ನೀರು, ಅದಕ್ಕೆ ಮೊದಲು ಹಾಕಿದರೆ ಬೇರು ಕೊಳೆಯುತ್ತದೆ. ಅಂದಿನಿಂದ ಗಿಡ ಬಾಗಿದ್ದು ಕಂಡರೆ ನೀರು ಹಾಕುವುದು ನನ್ನ ಕೆಲಸವಾಯಿತು. ಅತ್ತೆಯ ಮನೆಯಲ್ಲಿ ಯಾರೂ ಬೈಯದ ಕೆಲಸ ಅದೊಂದೇ…

ಆಮೇಲೆ ಗಲಾಟೆಯ ದಿನಗಳು ಬಂದವು. ನಿಜಾಮನ ಆಳ್ವಿಕೆ ಮುಗಿಯುವ ಮುಂಚೆ ಬಂದೂಕಿನವರು ಓಣಿಯಲ್ಲಿ ತಿರುಗುವಾಗ ನಾವು ಚಾಚಿಯ ಅಡುಗೆಮನೆಯಲ್ಲಿ ಅಡಗಿ ಕೂತಿದ್ದೆವು. ಮಿಲಿಟರಿ ಬಂದು ರಾಜ್ಯ ಬದಲಾದ ಮೇಲೆ ಹೆದರಿಕೆ ಗೋಡೆ ದಾಟಿ ಅವಳ ಮನೆ ಸೇರಿತು. ಗುಮಾಸ್ತರು ಕಲಬುರಗಿಗೆ ಹೋದವರು ಮರಳಿರಲಿಲ್ಲ. ನಮ್ಮ ಮನೆಯ ಗಂಡಸರು ಹೊಲದ ಕಡೆ ಇದ್ದರು. ಅತ್ತೆ ಚಾಚಿಯನ್ನು ಅವಳ ಮನೆಯೊಳಗೇ ಇಟ್ಟು ಹೊರಗಿನಿಂದ ನಮ್ಮ ಕೀಲಿ ಜಡಿದರು. ಪಕ್ಕದ ಮನೆಯವರು ಹೈದರಾಬಾದಿಗೆ ಹೋದರು ಅಂತ ಓಣಿಗೆ ಹೇಳಿದರು. ಹಿತ್ತಲ ಗೋಡೆಯ ಮೇಲಿಂದ ರೊಟ್ಟಿ ಕೊಡುತ್ತಿದ್ದೆವು.

ಗಿಡವನ್ನು ಒಳಗೆ ತೆಗೆದುಕೋ ಎಂದು ಅತ್ತೆ ಹೇಳಿದ್ದರು. ಚಾಚಿ ಒಪ್ಪಲಿಲ್ಲ. ದಿನಾ ನೋಡುವ ಗಿಡ ಕಾಣದಾದರೆ ಒಳಗಿಂದ ಯಾರೋ ತೆಗೆದರು ಅಂತ ತಿಳಿಯುತ್ತದೆ. ಇಲ್ಲೇ ಇದ್ದು ಒಣಗಿದರೆ ಮನೆ ಖಾಲಿ ಅನ್ನುತ್ತಾರೆ. ಹಾಗೆ ಹೇಳಿ ಅವಳು ನೀರು ನಿಲ್ಲಿಸಿದಳು. ಕೊಡಲಿ ಹಿಡಿದು ಕೀಲಿ ಹಾಕಿದ ಮನೆಗಳನ್ನು ನೋಡುತ್ತ ಬಂದ ಐದಾರು ಮಂದಿ ಆ ಜೋತುಬಿದ್ದ ಎಲೆ ನೋಡಿ ಮುಂದೆ ಹೋದರು.

ಈ ಮಾತೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ… ಮರುದಿನ ಬೆಳಿಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿ ಎದ್ದೆ. ತಂಬಿಗೆಯಲ್ಲಿ ನೀರು ಉಳಿದಿತ್ತು, ಎದುರಿಗೆ ಗಿಡ ಮಲಗಿತ್ತು. ಕೈ ತಾನೇ ಸರಳಿನೊಳಗೆ ಹೋಯಿತು. ಸುರಿದು ಮುಗಿದಾಗ ಒಳಗಿನ ಕತ್ತಲಲ್ಲಿ ಚಾಚಿಯ ಮುಖ ಕಂಡಿತು. ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಒಳಗೆ ಓಡಿ ಬಾಗಿಲ ಹಿಂದೆ ಕೂತೆ.

ಹೊತ್ತೇರುವಷ್ಟರಲ್ಲಿ ಅದೇ ಮಂದಿ ಮರಳಿ ಬಂದರು. ಒಬ್ಬ ಕಿಟಕಿಯ ಮುಂದೆ ನಿಂತ. "ನಿನ್ನಿ ಬಿದ್ದಿತ್ತಲ್ಲ ಇದು. ಇವತ್ತ ಹ್ಯಾಂಗ ಎದ್ದೈತಿ?"

ಬೆಳಗಿನ ಜಾವ ಮಳೆ ಸಿಡಿದಿತ್ತು ಎಂದು ಅತ್ತೆ ಬಾಯಿಗೆ ಬಂದದ್ದು ಹೇಳಿದರು. ಅವನು ಮಣ್ಣಿನಲ್ಲಿ ಬೆರಳೂರಿ ನೋಡಿದ. ಮಳೆ ಇಷ್ಟು ಒಳಗೆ ಬರುತ್ತದೆಯೇ ಎಂದ. ಸಂಜೆ ಬಂದು ಕೀಲಿ ಒಡೆಯುತ್ತೇವೆ ಎಂದು ಹೋದರು.

ಅತ್ತೆ ಹಿತ್ತಲಿಗೆ ಬಂದು ಗೋಡೆಯಾಚೆ ಕೇಳಿದರು, ಗಿಡಕ್ಕೆ ನೀರು ಹಾಕಿದೆಯಾ ಎಂದು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ನಿಜ ತಿಳಿದಿದ್ದರೆ ಅತ್ತೆ ನನ್ನನ್ನು ಅಂದೇ ತವರಿಗೆ ಅಟ್ಟುತ್ತಿದ್ದರು. ಚಾಚಿ ನನ್ನ ಮುಖ ನೋಡಿದಳು.

"ಹೌದಕ್ಕಾ, ನಾನ ಹಾಕೇನಿ. ಒಣಗೋದು ನೋಡಲಾರ್ದ ಹಾಕಿಬಿಟ್ಟೆ. ತಪ್ಪಾತು," ಎಂದಳು.

ನಾನು ಬಾಯಿ ಬಿಡಲಿಲ್ಲ.

ಅತ್ತೆ ಚಾಚಿಯನ್ನು ಹಿತ್ತಲ ಗೋಡೆ ದಾಟಿಸಿ, ತಮ್ಮ ಸೀರೆ ಉಡಿಸಿ, ಹಣೆಗೆ ಕುಂಕುಮ ಹಚ್ಚಿದರು. ಮಟಮಟ ಮಧ್ಯಾಹ್ನ ಹುಣಸಗಿಯ ಕಡೆ ಕುರಿ ಹೊಡೆದುಕೊಂಡು ಹೊರಟಿದ್ದ ಪರಿಚಯದ ಕುರುಬರ ಸಂಗಡ ಅವಳನ್ನು ಕಳಿಸಿದೆವು. ಹೋಗುವಾಗ ನನ್ನ ಕೈ ಒತ್ತಿದಳು. ಸಂಜೆ ಕೀಲಿ ಒಡೆದವರಿಗೆ ಒಳಗೆ ಯಾರೂ ಸಿಗಲಿಲ್ಲ.

ಇಪ್ಪತ್ತು ದಿನಕ್ಕೆಲ್ಲ ಊರು ತಣ್ಣಗಾಯಿತು. ಇನ್ನಷ್ಟು ದಿನ ಒಳಗಿದ್ದಿದ್ದರೆ ಸಾಕಿತ್ತು. ಗುಮಾಸ್ತರು ಬಂದರು, ಹೆಂಡತಿ ಎಲ್ಲಿ ಎಂದು ಕೇಳಿದರು. ಅತ್ತೆ ನಡೆದದ್ದೆಲ್ಲ ಹೇಳಿದರು, ಅವಳೇ ನೀರು ಹಾಕಿದ್ದನ್ನೂ. ಅವರು ಕಟ್ಟೆಯ ಮೇಲೆ ಕುಸಿದು ಕೂತರು. "ಅಕಿ ಹಂಗ ಇದ್ಳರಿ. ಗಿಡದ ಮ್ಯಾಲ ಜೀವ," ಎಂದು ಮುಖ ಮುಚ್ಚಿಕೊಂಡರು. ನಾನು ಬಾಗಿಲ ಹಿಂದಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಹುಣಸಗಿಯ ದಾರಿಯಲ್ಲಿ ಅವಳು ಯಾರದೋ ಬಂಡಿ ಹತ್ತಿದಳೆಂದು ಕುರುಬರು ಹೇಳಿದರು. ಆಮೇಲಿನದು ಯಾರಿಗೂ ಗೊತ್ತಾಗಲಿಲ್ಲ. ಗುಮಾಸ್ತರು ಹುಡುಕುತ್ತ ಹೋದವರು ತಿರುಗಿ ಬರಲಿಲ್ಲ. ಅತ್ತೆ ಸಾಯುವ ತನಕ, ಪಾಪ, ತನ್ನ ಕೈಯಾರೆ ಮನೆ ಕಳಕೊಂಡಳು ಎಂದೇ ಚಾಚಿಯನ್ನು ನೆನೆಯುತ್ತಿದ್ದರು.

ಯಾರ ಮುಂದೆ ಹೇಳಬೇಕಿತ್ತೋ ಅವರಲ್ಲಿ ಒಬ್ಬರೂ ಈಗ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೀರು ಹಾಕಿದವಳು ಚಾಚಿಯಲ್ಲ, ನಾನು.