ಎಡಗೈ ಬ್ರೇಕು

ಗಜೇಂದ್ರಗಡದಲ್ಲಿ ನನ್ನದೊಂದು ಗ್ಯಾರೇಜು ಇದೆ. ಮೋಟರ್ ಸೈಕಲ್ ರಿಪೇರಿ ಮಾಡುತ್ತೇನೆ, ಹಳೆಯವನ್ನು ಕೊಂಡು ಮಾರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಗಿರಾಕಿ ಅಂಗಡಿಗೆ ನಡೆದು ಬರುವ ರೀತಿ ನೋಡಿಯೇ ಇವನಿಗೆ ಯಾವ ಗಾಡಿ ಹೊಂದುತ್ತದೆ ಎಂದು ಹೇಳಬಲ್ಲೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಮೂರು ವರ್ಷದ ಹಿಂದೆ ಇನ್ನೂರು ಸಿಸಿಯ ಗಾಡಿಯೊಂದು ನನ್ನ ಕೈಗೆ ಬಂತು. ಮಗ ಎರಡು ಸಲ ಬಿದ್ದನೆಂದು ಬೇಸತ್ತು ನರಗುಂದದವರೊಬ್ಬರು ಮಾರಿದ್ದು. ಕೂತರೆ ಮೈ ಮುಂದಕ್ಕೆ ಬಾಗುತ್ತದೆ, ಎಕ್ಸಲರೇಟರ್ ಒಂದಿಷ್ಟು ತಿರುವಿದರೆ ಸಾಕು, ಗಾಡಿ ಜಿಗಿಯುತ್ತದೆ. ಕಾಲೇಜಿನ ಹುಡುಗರು ಮೂವರು ಬೇರೆ ಬೇರೆ ದಿನ ಅದನ್ನು ಕೇಳಿಕೊಂಡು ಬಂದರು. ಮೂವರನ್ನೂ ಬೈದು ಅಟ್ಟಿದೆ.

"ಮೊದಲ ಎರಡ ವರ್ಷ ಸಣ್ಣ ಗಾಡಿ ಹೊಡೀರಿ, ಆಮ್ಯಾಲ ಬರ್ರಿ. ನಿಮ್ಮ ಅವ್ವಗೋಳ ಶಾಪ ನನಗ ಬ್ಯಾಡ."

ಇದು ಊರಲ್ಲಿ ಸುದ್ದಿಯಾಯಿತು. ಅವರಲ್ಲೊಬ್ಬನ ತಂದೆ ಬಸ್ ಸ್ಟ್ಯಾಂಡಿನ ಹತ್ತಿರ ಕರೆದು ಚಹಾ ಕುಡಿಸಿದರು. ನನಗೂ ಒಳಗೊಳಗೇ ಹೆಮ್ಮೆ. ಜೋರು ಗಾಡಿ ಮತ್ತು ಪಳಗದ ಕೈ, ಇವೆರಡು ಕೂಡಿದರೆ ಹೆಣ ಬೀಳುತ್ತದೆ ಎಂಬುದು ಗ್ಯಾರೇಜಿನಲ್ಲಿ ಕೂತವನಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಕೈ ಪಳಗುವುದು ಎಂದರೇನು ಎಂಬುದನ್ನು ನಾನು ಎಂದೂ ವಿಚಾರ ಮಾಡಿರಲಿಲ್ಲ.

ನಮ್ಮ ಓಣಿಯಲ್ಲೇ ಒಬ್ಬ ಕಾಕಾ ಇದ್ದರು. ನಮ್ಮೂರಿನ ಕೈಮಗ್ಗದ ಸೀರೆಗಳನ್ನು ಮೊಪೆಡ್ಡಿನ ಮೇಲೆ ಗಂಟು ಕಟ್ಟಿಕೊಂಡು ಲಕ್ಕಲಕಟ್ಟಿ, ರೋಣ, ಯಾವಗಲ್ ಅಂತ ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದರು. ಮೂವತ್ತು ವರ್ಷ ಮೊಪೆಡ್ ಓಡಿಸಿದವರು, ಒಂದು ದಿನವೂ ಬಿದ್ದವರಲ್ಲ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲೂ ಸೀರೆಗೆ ರಾಡಿ ತಾಗದ ಹಾಗೆ ಮನೆಗೆ ಬರುತ್ತಿದ್ದರು. ಮೊಪೆಡ್ಡಿಗೆ ಎರಡೂ ಬ್ರೇಕು ಕೈಯಲ್ಲೇ ಇರುತ್ತವೆ. ಬಲಗೈಯದು ಮುಂದಿನ ಗಾಲಿಗೆ, ಎಡಗೈಯದು ಹಿಂದಿನ ಗಾಲಿಗೆ. ಮುಂದಿನದನ್ನು ಹಿಡಿದರೆ ಗಂಟಿನ ಭಾರಕ್ಕೆ ಗಾಡಿ ಜಾರುತ್ತದೆ ಎಂದು ಅವರು ಬಲಗೈ ಬ್ರೇಕನ್ನು ಮುಟ್ಟುತ್ತಲೇ ಇರಲಿಲ್ಲ. ಸರ್ವಿಸಿಂಗಿಗೆ ಬಿಟ್ಟಾಗಲೆಲ್ಲ "ಮುಂದಿಂದು ಸಡ್ಲ ಬಿಡೋ ತಮ್ಮಾ, ಎಡಗೈದು ಅಷ್ಟ ಬಿಗಿ ಮಾಡು" ಎನ್ನುತ್ತಿದ್ದರು. ಮಾಡಿಕೊಡುತ್ತಿದ್ದವನು ನಾನೇ.

ಆ ವರ್ಷದಿಂದ ಕಾಕಿಯೂ ಅವರ ಜೊತೆ ಹೊರಟರು. ಹೆಣ್ಣುಮಕ್ಕಳು ಕಾಕಿಯ ಮುಂದೆ ಮನಸ್ಸು ಬಿಚ್ಚಿ ಸೀರೆ ನೋಡುತ್ತಾರೆ, ವ್ಯಾಪಾರ ಚಲೋ ಆಗುತ್ತದೆ ಎಂದು. ಇಬ್ಬರು, ಮೇಲೆ ಗಂಟು. ಏರಿನಲ್ಲಿ ಮೊಪೆಡ್ ಏದುಸಿರು ಬಿಡತೊಡಗಿತು. ಕಾಕಾ ನನ್ನ ಹತ್ತಿರ ಒಂದು ಸಣ್ಣ ಮೋಟರ್ ಸೈಕಲ್ ಕೇಳಲು ಬಂದರು. ಆ ವಾರ ನನ್ನಲ್ಲಿ ಸಣ್ಣದು ಇರಲಿಲ್ಲ. ಇನ್ನೂರು ಸಿಸಿಯದು ಎಂಟು ತಿಂಗಳಿಂದ ಧೂಳು ತಿನ್ನುತ್ತಿತ್ತು.

"ಇದು ಭಾಳ ದೊಡ್ಡದಾತಲ್ಲೋ" ಎಂದರು ಕಾಕಾ. "ಸಣ್ಣದು ಬರೂತನಕ ನಿಂದರ್ತೀನಿ ತಗೋ."

"ಮೂವತ್ತ ವರ್ಷ ಪಳಗಿದ ಕೈ ನಿಮ್ದು. ನಿಮಗ ಗಾಡಿ ಕಲಸೂದಂದ್ರ ಮೀನಿಗೆ ಈಜು ಕಲಿಸಿದಂಗ ಆಕ್ಕೈತ್ರಿ ಕಾಕಾ" ಎಂದೆ ನಾನು.

ಹೊಗಳಿಕೆಗೆ ಮುಖ ಅರಳಿತು. ನನ್ನ ಗಾಡಿಯೂ ಹೋಗುತ್ತದೆ, ಹುಡುಗರ ಕೈಗೆ ಸಿಗದೆ ತೂಕದ ಮನುಷ್ಯನ ಕೈಗೆ ಸಿಗುತ್ತದೆ ಎಂದು ನಾನೂ ಹಿಗ್ಗಿದೆ. ಸಂತೆ ಮೈದಾನಕ್ಕೆ ಕರೆದುಕೊಂಡು ಹೋಗಿ ಗೇರು ತೋರಿಸಿದೆ. ಅರ್ಧ ತಾಸಿನಲ್ಲಿ ಗೇರು ಕಲಿತರು. ಅಷ್ಟರಲ್ಲಿ ಹಂದಿಯೊಂದು ಅಡ್ಡ ಬಂತು. ಕಾಕಾ ಎಡಗೈಯ ಹಿಡಿಕೆಯನ್ನು ಗಟ್ಟಿಯಾಗಿ ಜಗ್ಗಿದರು. ಮೋಟರ್ ಸೈಕಲ್ಲಿನಲ್ಲಿ ಅಲ್ಲಿ ಇರುವುದು ಕ್ಲಚ್ಚು. ಹಿಂದಿನ ಬ್ರೇಕು ಬಲಗಾಲಿನ ಕೆಳಗೆ. ಕ್ಲಚ್ಚು ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಇಂಜಿನ್ನಿನ ತಡೆಯೂ ಇಲ್ಲದೆ ಸುಮ್ಮನೆ ಉರುಳುತ್ತ ಹೋಗುತ್ತದೆ. ಹಂದಿ ಪಾರಾಯಿತು. ಕಾಕಾ ಬೇಲಿಗೆ ಹೋಗಿ ನಿಂತರು. ನೋಡುತ್ತಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

"ಕಾಕಾ, ಅದು ಕ್ಲಚ್ಚರಿ! ಕಾಲಾಗ ಐತಿ ಬ್ರೇಕು."

ಮತ್ತೆರಡು ಸಲ ಹಾಗೇ ಆಯಿತು. ಸಾವಕಾಶ ಹೋಗುವಾಗ ಕಾಲು ನೆನಪಿರುತ್ತಿತ್ತು, ಗಾಬರಿಯಾದರೆ ಎಡಗೈ ಬಿಗಿಯುತ್ತಿತ್ತು. ಅವರ ಕೈ ಕೆಟ್ಟ ಕೈಯಾಗಿರಲಿಲ್ಲ. ಮೂವತ್ತು ವರ್ಷ ಒಂದನ್ನೇ ಕಲಿತ ಕೈ. ಅದು ನನಗೆ ಅಲ್ಲೇ, ಆ ಮೈದಾನದಲ್ಲೇ, ಅರ್ಥವಾಗಿತ್ತು. ಏನೂ ಕಲಿಯದ ಹುಡುಗನಿಗಿಂತ ಇವರಿಗೇ ಹೆಚ್ಚು ದಿನ ಬೇಕು ಎಂದು ಹೊಳೆದಿತ್ತು. ಇನ್ನೊಂದು ವಾರ ಬರ್ರಿ ಎನ್ನಬೇಕಿತ್ತು. ಮರುದಿನ ಅಮಾವಾಸ್ಯೆ, ಅಮಾವಾಸ್ಯೆಗೆ ಹೊಸ ಗಾಡಿ ಪೂಜೆ ಮಾಡುವುದು ನಮ್ಮ ಕಡೆ ರೂಢಿ. ಕಾಯಿ ಒಡೆದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ದಾಟಿಸಿದೆ, ಕೀಲಿ ಕೈಯಲ್ಲಿಟ್ಟೆ.

ಹನ್ನೊಂದನೆಯ ದಿನ ಯಾವಗಲ್ ಸಮೀಪ, ಹಾಡಹಗಲು, ಹೊಲದ ದಾರಿಯಿಂದ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ರಸ್ತೆಗೆ ಬಂತು. ಕಾಕಾ ನೇರವಾಗಿ ಟ್ರಾಲಿಗೆ ಹೊಡೆದರು. ಸ್ಥಳದಲ್ಲೇ ಜೀವ ಹೋಯಿತು. ಕಾಕಿ ಹಾರಿ ಪಕ್ಕದ ಕಡಲೆ ಹೊಲದಲ್ಲಿ ಬಿದ್ದರು. ಹೆಗಲಿನ ಎಲುಬು ಮುರಿಯಿತು, ಉಳಿದರು.

ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ಅಳು ಅಲ್ಲ, ಹೆದರಿಕೆ. ಬ್ರೇಕು ಕೆಟ್ಟ ಗಾಡಿ ಮಾರಿದ ಎಂದಾರು ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ಕಂಡವರಿಗೆಲ್ಲ ಬ್ರೇಕು ಚಲೋ ಇದ್ದವು ಎಂದು ಹೇಳುತ್ತ ತಿರುಗಿದೆ. ಗಾಡಿ ತಪಾಸಣೆಗೆ ಬಂದ ಅಧಿಕಾರಿಯೂ ಬ್ರೇಕು ಬರೋಬ್ಬರಿ ಇವೆ ಎಂದು ಬರೆದುಕೊಟ್ಟರು. ರಸ್ತೆಯ ಮೇಲೆ ಬ್ರೇಕು ಹಿಡಿದ ಗುರುತೇ ಇಲ್ಲ ಎಂದೂ ಬರೆದರು. ಅವತ್ತು ಸಂಜೆ ನಾನು ನೆಮ್ಮದಿಯಿಂದ ಊಟ ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಖರೆ.

ಮಾತನಾಡಿಸಲು ಹೋದಾಗ ಕಾಕಿ ಕೈಗೆ ಜೋಳಿಗೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಮಂದಿ ಇದ್ದರು, ಮಗನೂ ಇದ್ದ. ಮದುವೆಯಾಗಿ ಮಕ್ಕಳಿರುವ ಮಗ, ಮಗ್ಗದ ಕೆಲಸ. ಕಾಕಿ ನನ್ನನ್ನೇ ಕೇಳಿದರು.

"ನಾ ಒಂದ ಕಡೆ ಕಾಲ ಇಳಿಬಿಟ್ಟು ಕುಂತಿದ್ದೆ. ಅವರ ಎಡಗೈ ನನ್ನ ಕಣ್ಣ ಮುಂದ ಇತ್ತು. ಟ್ರ್ಯಾಕ್ಟರ್ ಕಂಡ ಕೂಡ್ಲೆ ಬ್ರೇಕ್ ಹಿಡದ್ರು, ಬಟ್ಟು ಬೆಳ್ಳಗಾಗುವಂಗ ಹಿಡದ್ರು. ಗಾಡಿ ಯಾಕ ನಿಂದರಲಿಲ್ಲಪಾ?"

ನನಗೆ ಉತ್ತರ ಗೊತ್ತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಗಾಬರಿಯೊಳಗ ನಿಮಗ ಹಂಗ ಕಂಡಿರಬೇಕ್ರಿ ಕಾಕಿ. ಹಿಡಿದಿದ್ರ ಗಾಡಿ ನಿಂದರತಿತ್ತು" ಎಂದೆ.

ಕಾಕಿ ಗೋಡೆಯ ಕಡೆ ಮುಖ ತಿರುಗಿಸಿದರು. ಊರು ಮಾತಾಡಿತು. ಅರವತ್ತಕ್ಕೆ ಅರಳು ಮರಳು, ಮುದುಕನಿಗೆ ಹುಡುಗರ ಗಾಡಿಯ ಹುಚ್ಚು ಹಿಡಿಯಿತು, ಬ್ರೇಕು ಸುದ್ದಾ ಹಿಡಿಯದೆ ಹೊಡೆದ ಎಂದಿತು. ಮಗ ಒಂದು ದಿನ ಗುಡಿಯ ಕಟ್ಟೆಯ ಮೇಲೆ ಎಲ್ಲರ ಮುಂದೆ "ನಮ್ಮಪ್ಪ ತಾನೂ ಸತ್ತ, ನಮ್ಮವ್ವನ್ನೂ ಕೊಲ್ಲಾಕ ಹೊಂಟಿದ್ದ" ಅಂದ. ನಾನು ಅಲ್ಲೇ ಕೂತಿದ್ದೆ.

ವರ್ಷದ ಮೇಲೆ ಕಾಕಿ ಒಬ್ಬರೇ ಗ್ಯಾರೇಜಿಗೆ ಬಂದರು. ಅದೇ ಪ್ರಶ್ನೆ, ಅದೇ ಶಬ್ದಗಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಳ್ಳು ಹೊರುವುದು ನನಗೂ ಸಾಕಾಗಿತ್ತು. ರಿಪೇರಿಗೆ ಬಂದ ಗಾಡಿಯ ಎಡಗೈ ಹಿಡಿಕೆಯನ್ನು ಅವರ ಕೈಯಿಂದಲೇ ಜಗ್ಗಿಸಿ ಗಾಲಿ ತಿರುಗಿಸಿದೆ. ಗಾಲಿ ತಿರುಗುತ್ತಲೇ ಇತ್ತು. ಮೈದಾನದಲ್ಲಿ ಮೂರು ಸಲ ನೋಡಿದ್ದನ್ನು ಹೇಳಿದೆ, ನೋಡಿಯೂ ಕೀಲಿ ಕೊಟ್ಟದ್ದನ್ನು ಹೇಳಿದೆ, ಮಂದಿಯ ಮುಂದೆ ಸುಳ್ಳಾಡಿದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಹಂಗಾರ ಅವರು ನಿಲ್ಲಸಾಕ ನೋಡ್ಯಾರ" ಎಂದರು ಕಾಕಿ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದನ್ನ ನನ್ನ ಮಗನ ಮುಂದ ಒಂದ ಸಲ ಹೇಳಪಾ. ಅಷ್ಟ ಸಾಕು" ಎಂದರು.

ನಾಳೆ ಬರುತ್ತೇನೆ ಎಂದೆ. ಹೋಗಲಿಲ್ಲ. ಮರುದಿನ ಕೆಲಸವಿತ್ತು, ಮರುವಾರ ಜ್ವರ ಬಂತು, ಆಮೇಲೆ ನೆಪವೂ ಬೇಕಾಗಲಿಲ್ಲ. ಅವರ ಮನೆಯ ಸಂದಿ ಬಿಟ್ಟು ಬೇರೆ ದಾರಿಯಿಂದ ಗ್ಯಾರೇಜಿಗೆ ಹೋಗುವುದನ್ನು ಕಲಿತೆ.

ಮೊನ್ನೆ ಮಗನೇ ಬಂದ. ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದ.

"ನಮ್ಮವ್ವ ಒಂದ ಹಟ ಹಿಡದಾಳ್ರಿ. ಅಪ್ಪ ಬ್ರೇಕ್ ಅಂತನ ಕ್ಲಚ್ ಹಿಡದಿದ್ದ, ನೀವ ಹೇಳೀರಿ ಅಂತಾಳ. ಆಕಿ ತಲಿ ನೆಟ್ಟಗ ಇಲ್ಲ ಅನಸ್ತೈತ್ರಿ ನನಗ. ನೀವು ಖರೇನ ಹಂಗ ಹೇಳೀರೇನ್ರಿ?"

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಾನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟೆ.

"ವಯಸ್ಸಾದ ಜೀವ ಅಲ್ಲೇನಪಾ, ಸಮಾಧಾನ ಆಗ್ಲಿ ಅಂತ ಏನೋ ಒಂದ ಹೇಳಿದ್ದೆ" ಎಂದೆ.

ಅವನು ಎರಡೂ ಕೈ ಮುಗಿದ. "ಭಾಳ ಉಪಕಾರ ಆತ್ರಿ ಅಣ್ಣಾರ" ಎಂದು ಹೇಳಿ, ತಾಯಿಗೆ ತಿಳಿಸಲು ಮನೆಯ ಕಡೆ ನಡೆದ.