ಉಪ್ಪುಂಡ ಬೋರು, ಗೆರೆ ಓದುವ ವೆಲ್ಲಿಂಗಿರಿ

ಧಾರಾಪುರಂ ದಾಟಿದ ಮೇಲೆ ಸಿಗುವ ಹೊಲ. ಈಗಷ್ಟೇ ಬೆಳಕು ಹರಿಯುತ್ತಿದೆ. ವೆಲ್ಲಿಂಗಿರಿ ಬೋರಿನ ಬಾಯಿಗೆ ಬಗ್ಗಿ ಬೀಡಿಯ ಹೊಗೆ ಬಿಡುತ್ತಾರೆ. ಹೊಗೆ ಮೇಲೇರುವುದಿಲ್ಲ, ಸರ್ರನೆ ಒಳಕ್ಕೆ ಹೋಗುತ್ತದೆ. ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಹೆದರ್ಬೇಡಿ ಸಾರ್. ಬೋರು ಕಾಲೈಲಿ, ಬೆಳಗಾಗ್ತಾ, ಉಸಿರು ಎಳೀತದೆ, ಸಾಯಂಕಾಲ ಬಿಡ್ತದೆ. ಗಾಳಿಯ ಒತ್ತಡ, ಅಷ್ಟೇ" ಎನ್ನುತ್ತಾರೆ. ಹೀಗೆ ಹೇಳುವವರೂ ಬೋರಿಗೆ ಬೆನ್ನು ತಿರುಗಿಸಿ ನಿಲ್ಲುವುದಿಲ್ಲ!

ಈ ಕೆಲಸಕ್ಕೆ ಲಾಗಿಂಗ್ ಎಂದು ಹೆಸರು. ಕೇಬಲ್ಲಿನ ತುದಿಯ ಉಕ್ಕಿನ ಕೊಳವೆ ಬೋರಿನೊಳಕ್ಕೆ ಇಳಿಯುತ್ತದೆ. ಕೆಳಗಿನ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಜೀಪಿನೊಳಗಿನ ಪೆಟ್ಟಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಗೆರೆ ಬಲಕ್ಕೆ ಹೋದರೆ ಗಟ್ಟಿ ಬಂಡೆ, ಎಡಕ್ಕೆ ಬಂದರೆ ನೀರು. ಸೂಲೂರಿನ ಕನ್ನಡ ಒಕ್ಕಲುಮನೆಯ ವೆಲ್ಲಿಂಗಿರಿ ಇದನ್ನು ಕಲಿತದ್ದು ಕಾವೇರಿ ಬಯಲಿನಲ್ಲಿ, ಎಣ್ಣೆ ಹುಡುಕಲು ಕೊರೆದ ಬಾವಿಗಳ ದಂಡೆಯಲ್ಲಿ. ತಂದೆ ಹಾಸಿಗೆ ಹಿಡಿದಾಗ ಊರಿಗೆ ಮರಳಿದರು. ಅಂದಿನಿಂದ ನೀರಿನ ಬೋರುಗಳೇ ಗತಿ. ಕೇಬಲ್ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿದೆ. ನೀರು ಬಂದರೆ ಹೆಸರು ದೇವರಿಗೆ, ಬಾರದಿದ್ದರೆ ಬೈಗುಳ ಇವರಿಗೆ.

ಇವತ್ತಿನದು ಮಾತ್ರ ಒಬ್ಬನ ಜೀವದ ಪ್ರಶ್ನೆ. ಬೋರಿನ ಪಕ್ಕದಲ್ಲೇ ಬತ್ತಿದ ಹಳೆಯ ಬಾವಿಯಿದೆ. ಅದನ್ನು ಹಿಗ್ಗಿಸಲೆಂದು ಹೊಲದವರ ಮಗ ಅಯ್ಯಾಸಾಮಿ ತಳದಲ್ಲಿ ಹಾರೆ, ಸುತ್ತಿಗೆ ಹಿಡಿದು ಗೋಡೆ ಒಡೆಯಲು ಕಾದಿದ್ದಾನೆ. ಗೋಡೆಯ ಹಿಂದೆ ಬಂಡೆಯಿದ್ದರೆ ಒಡೆಯಬಹುದು. ನೀರು ತುಂಬಿದ ಬಿರುಕಿದ್ದರೆ ಅವನು ಮೇಲೆ ಬರುವುದಿಲ್ಲ.

ಗೆರೆ ಉದ್ದಕ್ಕೂ ಎಡಕ್ಕೇ ಇಳಿಯುತ್ತದೆ. ಅಯ್ಯಾಸಾಮಿ ನಿಂತಿರುವ ಆಳದಲ್ಲಿ ಮಾತ್ರ ತಟ್ಟನೆ ಬಲಕ್ಕೆ ಹಾರುತ್ತದೆ.

"ಅಲ್ಲಿ ಬಂಡೆ. ಒಡೀಲಿ" ಎಂದು ವೆಲ್ಲಿಂಗಿರಿ ಕೂಗುತ್ತಾರೆ. ಕೆಳಗೆ ಸುತ್ತಿಗೆ ಶುರುವಾಗುತ್ತದೆ.

ಆದರೆ ಅವರ ಕಣ್ಣು ಕಾಗದ ಬಿಟ್ಟು ಕದಲುವುದಿಲ್ಲ. "ಈ ಕಲ್ಲುನಾಡಲ್ಲಿ ಉಳಿದದ್ದೆಲ್ಲ ನೀರು ಅಂದ್ರೆ ಯಾರು ನಂಬ್ತಾರೆ?" ಎಂದು ಗೊಣಗುತ್ತಾ ಕೊಳವೆಯನ್ನು ಮೇಲೆಳೆದು, ಅದರ ಒದ್ದೆಗೆ ಬೆರಳು ಅದ್ದಿ ನಾಲಿಗೆಗೆ ಇಡುತ್ತಾರೆ. ಮುಖ ಕಪ್ಪಿಡುತ್ತದೆ.

"ಇದಕ್ಕೆ ಏನು ಸುರಿದಿದ್ದೀರಿ?"

ಅಯ್ಯಾಸಾಮಿಯ ತಾಯಿ ಕಾಮಾಕ್ಷಿಯಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಅಮಾಸೆಯಿಂದ ದಿನಾ ಮಗನಿಗೆ ಉಪ್ಪು ಸುತ್ತಿ ಹಾಕ್ತಾ ಇದೀನಪ್ಪಾ, ಒಂದೊಂದು ಪಡಿ. ದೃಷ್ಟಿ ಉಪ್ಪನ್ನ ನೀರಿಗೇ ಹಾಕಬೇಕಲ್ಲ. ಬಾವೀಲಿ ನೀರೆಲ್ಲಿದೆ? ಅದಕ್ಕೇ ಬೋರಿಗೆ ಹಾಕ್ದೆ."

ಉಪ್ಪುನೀರು ಕರೆಂಟನ್ನು ತಡೆಯುವುದಿಲ್ಲ, ಎಡಕ್ಕೆ ಬಂದದ್ದೆಲ್ಲ ಅದರ ಆಟ. ಹಾಗಾದರೆ ಆ ಒಂದು ಜಾಗದಲ್ಲಿ ಉಪ್ಪು ಎಲ್ಲಿ ಹೋಯಿತು? ಅಲ್ಲಿ ಏನೋ ಅದನ್ನು ತೊಳೆದುಕೊಂಡು ಹೋಗುತ್ತಿದೆ. ಅಲ್ಲಿರುವುದು ಬಂಡೆಯಲ್ಲ, ಹರಿಯುವ ಸಿಹಿನೀರು.

"ಅಯ್ಯಾಸಾಮೀ! ಎಲ್ಲಾ ಬಿಟ್ಟು ಏರಿ ಬಾರೋ!" ವೆಲ್ಲಿಂಗಿರಿ ಬಾವಿಯ ಕಡೆಗೆ ಎದ್ದುಬಿದ್ದು ಓಡುತ್ತಾರೆ.

ಮೇಲೆ ಬಂದವನು ಬಾವಿಯತ್ತ ಕೈ ತೋರಿಸುತ್ತಾನೆ. "ಅಣ್ಣಾ, ನಾನು ಹೊಡೆಯೋದು ನಿಲ್ಲಿಸಿದೆ. ಆ ಕಡೆಯಿಂದ ಯಾರೋ ಹೊಡೀತಾನೇ ಇದ್ರು."

ಕಿವಿಗೊಟ್ಟರೆ ನನಗೂ ಕೇಳಿಸುತ್ತದೆ, ಬಾವಿಯ ತಳದಿಂದ ಟಕ್, ಟಕ್. ಬಿಸಿಲೇರುವ ಹೊತ್ತಿಗೆ ಗೋಡೆ ತಾನಾಗಿಯೇ ಒಡೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಯ್ಯಾಸಾಮಿ ಕೆಳಗೇ ಮರೆತ ಟವೆಲು ತೇಲಿ ಬಂದು ದಂಡೆಗೆ ತಾಗಿ ನಿಲ್ಲುತ್ತದೆ. ಅದನ್ನು ಎತ್ತಿಕೊಳ್ಳಲು ಅವನಿಗೇ ಧೈರ್ಯವಿಲ್ಲ.

"ಕೆಳಗಿರೋಳು ನಮ್ಮ ಉಪ್ಪು ತಿಂದವಳು. ಅದಕ್ಕೇ ಮಗನ್ನ ಬಿಟ್ಟಳು" ಎನ್ನುತ್ತಾರೆ ಕಾಮಾಕ್ಷಿಯಮ್ಮ.

ವೆಲ್ಲಿಂಗಿರಿ ನನ್ನ ಕಡೆ ತಿರುಗುತ್ತಾರೆ. "ಒಳಗೆ ಏನು ಸುರಿದಿದ್ದಾರೆ ಅಂತ ಮೊದಲು ಕೇಳ್ಬೇಕು. ಎಣ್ಣೆ ಬಾವೀಲಿ ನನಗೆ ಕಲಿಸಿದ ಮೊದಲ ಪಾಠವೇ ಅದು ಸಾರ್. ಇವತ್ತು ಕೇಳಲಿಲ್ಲ. ಒಂದು ಜೀವ ಹೋಗ್ತಿತ್ತು" ಎನ್ನುತ್ತಾ ಕಾಗದ ಸುತ್ತುತ್ತಾರೆ.

ಸಂಜೆ ಬೋರು ಉಸಿರು ಬಿಡಲು ತೊಡಗುತ್ತದೆ, ತಣ್ಣಗೆ. ಕಾಮಾಕ್ಷಿಯಮ್ಮ ಮತ್ತೊಂದು ಹಿಡಿ ಉಪ್ಪು ತಂದು ವೆಲ್ಲಿಂಗಿರಿಯ ತಲೆಗೆ ಸುತ್ತುತ್ತಾರೆ. ಅವರು ಬೇಡವೆನ್ನದೆ ತಲೆ ಬಗ್ಗಿಸಿ ನಿಲ್ಲುತ್ತಾರೆ.

"ಹಾಕು ಆತಾ, ಹಾಕವ್ವಾ. ಆದ್ರೆ ಇನ್ಮೇಲೆ ನನಗೆ ಹೇಳಿ ಹಾಕು."