ಗುರುಗುಟ್ಟುವುದನ್ನು ಬಿಡಿಸಿದ್ದು

ನಾಯಿಯನ್ನು ಆರಿಸಿದ್ದು ನಾನು. ಆರಿಸುವಾಗ ತಪ್ಪು ಮಾಡಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ. ತಪ್ಪು ಆಮೇಲಿನದು, ಮತ್ತು ಅದು ಪೂರಾ ನನ್ನದು.

ನಾನಿರುವುದು ಹಿರಿಯೂರಿನಲ್ಲಿ, ಮಗಳ ಮನೆಯಲ್ಲಿ. ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅಳಿಯನದು ತೆಂಗಿನಕಾಯಿ ವ್ಯಾಪಾರ. ಅವರಿಗೆ ಇರುವವಳು ಒಬ್ಬಳೇ ಹುಡುಗಿ, ಆಗ ಅವಳಿಗೆ ನಾಲ್ಕು ವರ್ಷ. ಬೀದಿಯಲ್ಲಿ ಕಂಡ ನಾಯಿಯನ್ನೆಲ್ಲ ಅಪ್ಪಿಕೊಳ್ಳಲು ಹೋಗುತ್ತಿದ್ದಳು. ಯಾವತ್ತಾದರೂ ಒಂದು ದಿನ ಕಚ್ಚಿಸಿಕೊಂಡು ಬರುತ್ತಾಳೆ ಎಂದು ಹೆದರಿ, ಮನೆಗೇ ಒಂದು ಒಳ್ಳೆಯ ನಾಯಿ ತರಬೇಕೆಂದು ಮಗಳು ತೀರ್ಮಾನಿಸಿದಳು. ಯಾವುದು ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ರಿಟೈರ್ಡ್ ಟೀಚರ್, ಇಂಗ್ಲಿಷ್ ಬರುತ್ತದೆ, ಹೊತ್ತೂ ಬೇಕಾದಷ್ಟಿದೆ.

ಹದಿನೈದು ದಿನ ಟ್ಯಾಬ್‌ನಲ್ಲಿ ಓದಿ ನೋಟ್ಸ್ ಮಾಡಿಕೊಂಡೆ. ಸೈಜ್, ಟೆಂಪರಮೆಂಟ್, ಕೂದಲು ಉದುರುತ್ತದೆಯೋ ಇಲ್ಲವೋ. ಪ್ರತಿಯೊಂದು ಜಾತಿಯ ಕೆಳಗೂ ‘ಗುಡ್ ವಿತ್ ಚಿಲ್ಡ್ರನ್’ ಎಂದೇ ಬರೆದಿತ್ತು. ಮೈತುಂಬ ಹೊಂಬಣ್ಣದ ಕೂದಲಿದ್ದ ಒಂದು ನಾಯಿಯ ಫೋಟೋ ತೋರಿಸಿದಾಗ ಅಳಿಯ ಬಹಳ ಹೊತ್ತು ನೋಡಿದರು. ‘ಅತ್ತೆ, ಪಾಪ, ಸ್ವೆಟರ್ ಹಾಕ್ಕೊಂಡೇ ಹುಟ್ಟೈತೆ. ನಮ್ಮ ಬಿಸಿಲಿಗೆ ಇದನ್ನ ಫ್ರಿಜ್ಜಲ್ಲಿ ಇಡಬೇಕಾಗುತ್ತೆ’ ಅಂದರು.

ಯಲ್ಲದಕೆರೆ ಹತ್ತಿರ ಅವರ ತೋಟವಿದೆ. ಗೊಬ್ಬರಕ್ಕೆಂದು ವರ್ಷಕ್ಕೊಮ್ಮೆ ಅಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ. ಆ ಕುರಿಯವರ ಮನೆಯಲ್ಲಿ ಒಂದು ನಾಯಿ ಮರಿ ಹಾಕಿದೆ ಎಂದು ಗೊತ್ತಾಗಿ ನಾನೂ ಮಗಳೂ ಹೋದೆವು. ಮನೆಯ ಯಜಮಾನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ‘ಕುಂತ್ಕಳ್ರಿ’ ಎಂದು ಕಂಬಳಿ ಹಾಸಿದಳು. ನಾನು ಮರಿಗಳ ಬಗ್ಗೆ ಕೇಳುತ್ತಿದ್ದರೆ ಆಕೆ ಮನೆಯಲ್ಲಿ ಬಿಟ್ಟುಬಂದ ಹುಡುಗಿಯ ಬಗ್ಗೆ ಕೇಳುತ್ತಿದ್ದಳು. ಎಷ್ಟು ವರ್ಷ, ಹಟ ಮಾಡುತ್ತಾಳಾ, ಹೇಳಿದರೆ ಕೇಳುತ್ತಾಳಾ.

‘ಮರಿ ಬ್ಯಾಡ ನಿಮಗೆ’ ಅಂದಳು ಕೊನೆಗೆ. ‘ಮರೀನೂ ಎಗರಾಡ್ತೈತೆ, ಕೂಸೂ ಎಗರಾಡ್ತೈತೆ. ಎಲ್ಡನ್ನೂ ಯಾರು ಹಿಡೀತೀರಿ? ನೀವಾ?’

ಮಗಳು ನಕ್ಕಳು. ಆಕೆ ತೋರಿಸಿದ್ದು ಬೆಳೆದ ಹೆಣ್ಣುನಾಯಿ, ಕಂದು ಬಣ್ಣದ್ದು. ಬೈಕು ಹಾಯ್ದು ಹಿಂಗಾಲು ಊನವಾಗಿ ಮಂದೆಯ ಹಿಂದೆ ಓಡಲು ಆಗದೆ ಮನೆಯಲ್ಲೇ ಉಳಿದಿತ್ತು. ಆಕೆಯ ಮೊಮ್ಮಕ್ಕಳು ಅದರ ಮೇಲೆ ಬಿದ್ದು ಹೊರಳಿ ಬೆಳೆದವರು. ಆಕೆ ಒಂದು ತುಂಡು ರೊಟ್ಟಿ ಕೊಟ್ಟು, ಅದು ತಿನ್ನುತ್ತಿರುವಾಗಲೇ ಬಾಯಿಗೆ ಕೈಹಾಕಿದಳು. ನಾಯಿ ಗಂಟಲಲ್ಲೇ ಗುರ್ ಅಂತು, ರೊಟ್ಟಿ ಬಿಟ್ಟಿತು.

‘ನೋಡಿದ್ರಾ. ಹೇಳ್ತೈತೆ, ಆಮೇಲೆ ಬಿಡ್ತೈತೆ. ನಿಮ್ಮ ಹುಡುಗೀಗೆ ಹೇಳ್ಕೊಡ್ರಿ, ಗುರ್ ಅಂದ್ರೆ ದೂರ ಹೋಗು ಅಂತ. ಇನ್ನೇನೂ ಬ್ಯಾಡ.’

ನನ್ನ ನೋಟ್ಸಿನಲ್ಲಿ ಇಲ್ಲದ ನಾಯಿ ಅದು. ಆದರೂ ನೋಡಿದೊಡನೆ ಅನ್ನಿಸಿತು, ಇದೇ ಸರಿ. ಮಗಳಿಗೂ ಹಾಗೇ ಅನ್ನಿಸಿತ್ತು. ಕರೆದುಕೊಂಡು ಬಂದೆವು.

ಮಗಳೂ ಅಳಿಯನೂ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು, ಮಧ್ಯಾಹ್ನ ಸ್ಕೂಲಿನಿಂದ ಬರುವ ಮೊಮ್ಮಗಳು, ನಾಯಿ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಅದು ಮುದ್ದೆ ತಿನ್ನುತ್ತಿದ್ದಾಗ ಮೊಮ್ಮಗಳು ತಟ್ಟೆ ಎಳೆದಳು. ನಾಯಿ ಗುರ್ ಅಂತು. ನಾನು ಓದುತ್ತಿದ್ದ ಪೇಪರನ್ನು ಸುರುಳಿ ಸುತ್ತಿ ಅದರ ಮೂಗಿನ ಮೇಲೆ ಒಂದು ಕೊಟ್ಟೆ. ‘ನೋ. ಬ್ಯಾಡ್ ಮ್ಯಾನರ್ಸ್.’

ಅಲ್ಲಿಂದ ಶುರು. ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಊಟದ ಮೇಜಿನಲ್ಲಿ ಗೊಣಗಿದರೆ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ರೂಲರ್‌ನಿಂದ ತಟ್ಟುತ್ತಿದ್ದರು. ಅದರಿಂದ ನನಗೆ ಒಳ್ಳೆಯದೇ ಆಯಿತು ಎಂದು ಜೀವಮಾನವಿಡೀ ನಂಬಿದ್ದೆ. ಕುರಿಯವರ ಯಜಮಾನಿ ಹೇಳಿದ್ದು ಹುಡುಗಿಗೆ ಕಲಿಸಿ ಅಂತ. ಹುಡುಗಿ ಅಳುತ್ತಾಳೆ, ಹಟ ಮಾಡುತ್ತಾಳೆ, ಸಂಜೆ ಅಮ್ಮನಿಗೆ ದೂರು ಹೇಳುತ್ತಾಳೆ. ನಾಯಿ ಹೇಳುವುದಿಲ್ಲ. ನಾನು ನಾಯಿಗೆ ಕಲಿಸಿದೆ.

ಕಿವಿ ಎಳೆದಾಗ ಗುರ್ ಅಂದರೆ ಒಂದು ಏಟು. ಬಾಲಕ್ಕೆ ರಿಬ್ಬನ್ ಕಟ್ಟುವಾಗ ಗುರ್ ಅಂದರೆ ಒಂದು ಏಟು. ತಿಂಗಳೊಳಗೆ ಅದು ಗುರುಗುಟ್ಟುವುದನ್ನು ಸಂಪೂರ್ಣ ಬಿಟ್ಟಿತು. ನನಗೆ ಹೆಮ್ಮೆ. ಪಕ್ಕದ ಮನೆಯವರ ಮುಂದೆ ‘ನೋಡಿ, ಎಷ್ಟು ಕಲ್ಚರ್ಡ್ ಆಗಿದೆ’ ಎಂದು ಹೇಳಿಕೊಂಡದ್ದೂ ನೆನಪಿದೆ.

ಅವತ್ತು ಮಧ್ಯಾಹ್ನ ನಾಯಿ ವರಾಂಡದಲ್ಲಿ ಮಲಗಿತ್ತು. ನಾನು ಕುರ್ಚಿಯಲ್ಲಿದ್ದೆ. ಮೊಮ್ಮಗಳು ಓಡಿಬಂದು ಅದರ ಊನವಾದ ಕಾಲಿನ ಮೇಲೆ ಧೊಪ್ಪನೆ ಕುಳಿತಳು. ನಾಯಿ ತಲೆ ಎತ್ತಿತು. ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿತು. ಬಾಯಿ ತೆರೆಯಲಿಲ್ಲ, ಸದ್ದು ಮಾಡಲಿಲ್ಲ. ‘ಏಳೇ’ ಎಂದು ಒಂದು ಮಾತು ನಾನು ಅನ್ನಬಹುದಿತ್ತು. ಪೇಪರಿನಲ್ಲಿ ಓದುತ್ತಿದ್ದ ಸಾಲನ್ನು ಮುಗಿಸಿದೆ. ಅಷ್ಟರಲ್ಲಿ ಕಚ್ಚಿತ್ತು.

ಕೆನ್ನೆಗೆ ಮೂರು ಹೊಲಿಗೆ, ಇಂಜೆಕ್ಷನ್‌ಗಳು. ಗಾಯ ವಾಸಿಯಾಯಿತು, ಕಲೆ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಕೇಳಿದ್ದು ಒಂದೇ ಪ್ರಶ್ನೆ. ‘ಅಮ್ಮ, ಮೊದಲು ಯಾವತ್ತಾದ್ರೂ ಗುರ್ ಅಂದಿತ್ತಾ? ಏನಾದ್ರೂ ಸೂಚನೆ ಇತ್ತಾ?’

‘ಇಲ್ಲ’ ಅಂದೆ. ‘ಔಟ್ ಆಫ್ ದಿ ಬ್ಲೂ.’

ಎರಡು ದಿನದ ನಂತರ ನಾಯಿಯನ್ನು ಆಟೋದಲ್ಲಿ ಯಲ್ಲದಕೆರೆಗೆ ಬಿಟ್ಟುಬಂದೆವು. ಯಜಮಾನಿ ನನ್ನ ಮುಖವನ್ನೇ ನೋಡುತ್ತ ಅದೇ ಪ್ರಶ್ನೆ ಕೇಳಿದಳು. ಅಲ್ಲಿಯೂ ಅದೇ ಉತ್ತರ ಕೊಟ್ಟೆ, ಕನ್ನಡದಲ್ಲಿ. ‘ಹುಡುಗಿ ಏನೂ ಮಾಡಿರಲಿಲ್ಲ, ಸುಮ್ಮನೆ ಕಚ್ಚಿತು.’ ಆಕೆ ಒಳಗೆ ಹೋಗಿ ಸರಪಳಿ ತಂದಳು.

ಆ ಸರಪಳಿಯ ವಿಷಯ ನಾನು ಮರೆತೆ ಅಂತ ಹೇಳಿದರೆ ಸುಳ್ಳು. ಬಿಚ್ಚಿರುತ್ತಾರೆ, ನಾಲ್ಕು ದಿನ ನೋಡಿ ಬಿಚ್ಚಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಆರೇಳು ತಿಂಗಳಾದ ಮೇಲೆ ತೋಟಕ್ಕೆ ಹೋಗಿಬಂದ ಅಳಿಯ ಊಟ ಮಾಡುತ್ತ ಅಂದರು, ‘ಆ ನಾಯೀನ ಇನ್ನೂ ಕಟ್ಟೇ ಹಾಕವ್ರೆ ಅತ್ತೆ. ಮಕ್ಕಳು ಓಡಾಡ್ತಾವಲ್ಲ ಅಲ್ಲಿ. ಒಂದು ಸಲಾನೂ ಬಿಚ್ಚಿಲ್ಲವಂತೆ.’

ಅವರ ತಟ್ಟೆಗೆ ಇನ್ನಷ್ಟು ಸಾರು ಹಾಕಿದೆ. ಅವತ್ತೂ ಬಾಯಿ ಬಿಡಲಿಲ್ಲ. ಬಿಟ್ಟದ್ದು ಇನ್ನೂ ಹತ್ತು ದಿನದ ನಂತರ. ಮಗಳು ಫೋನು ಹಿಡಿದು ಬಂದು, ದುರ್ಗದಲ್ಲಿ ಯಾರದೋ ಮನೆಯಲ್ಲಿರುವ ಲ್ಯಾಬ್ರಡಾರ್ ಮರಿಗಳ ಫೋಟೋ ತೋರಿಸಿದಳು. ‘ಈ ಸಲ ಸರಿಯಾಗಿ ಓದಿ ಹೇಳಮ್ಮ. ಯಾವ ನಾಯಿ ಸೂಚನೆ ಕೊಡದೆ ಕಚ್ಚಲ್ಲ ಅಂತ.’

ಆಗ ಹೇಳಿದೆ. ಪೇಪರಿನ ಸುರುಳಿ, ಮ್ಯಾನರ್ಸ್, ಅದು ನನ್ನ ಮುಖ ನೋಡಿದ್ದು, ಎಲ್ಲ.

‘ಎಷ್ಟು ದಿನ ಹೊಡ್ದೆ?’ ಎಂದು ಕೇಳಿದಳು.

‘ಹೊಡೆದದ್ದಲ್ಲ, ತಟ್ಟಿದ್ದು.’

‘ಅಮ್ಮಾ.’

‘ಒಂದು ತಿಂಗಳು.’

ಫೋನನ್ನು ಮಗುಚಿ ಇಟ್ಟಳು. ‘ನಂಗೂ ಚಿಕ್ಕವಳಿದ್ದಾಗ ಹಂಗೇ ತಟ್ಟಿದ್ದೀಯ, ಎದುರು ಮಾತಾಡಬಾರದು ಅಂತ. ನಾನು ಒಂದು ದಿನವೂ ಕಚ್ಚಲಿಲ್ಲ ನೋಡು’ ಅಂದಳು. ನಗುತ್ತಿರಲಿಲ್ಲ. ‘ಅವರಿಗೆ ಹೋಗಿ ಹೇಳು. ನಾನು ಬರಲ್ಲ, ನೀನೇ ಹೇಳು.’

ಭಾನುವಾರ ಬಸ್ಸಿನಲ್ಲಿ ಹೋದೆ. ಕುರಿ ರೊಪ್ಪದ ಬೇಲಿಯ ಪಕ್ಕ ಗೂಟಕ್ಕೆ ಕಟ್ಟಿದ್ದ ನಾಯಿ ನನ್ನನ್ನು ಕಂಡು ಎದ್ದು ನಿಂತಿತು, ಬಾಲ ಅಲ್ಲಾಡಿಸಲಿಲ್ಲ. ಯಜಮಾನಿ ಕಲ್ಲಿನ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ಹೇಳುವುದೆಲ್ಲ ಹೇಳಿದೆ. ಹೇಳಿದರೆ ಆಕೆ ಎದ್ದುಹೋಗಿ ಸರಪಳಿ ಬಿಚ್ಚುತ್ತಾಳೆ ಎಂದುಕೊಂಡಿದ್ದೆ. ಫ್ರಾಂಕ್ಲಿ, ಅದನ್ನು ಕಣ್ಣಾರೆ ನೋಡಿ ಹಗುರಾಗಿ ಮನೆಗೆ ಹೋಗಬೇಕೆಂದೇ ಬಂದಿದ್ದೆ.

‘ಅದಕ್ಕೇನಾ’ ಅಂದಳು ಆಕೆ. ‘ನಾನೂ ನೋಡ್ತಾನೇ ಇದೀನಿ. ನರಿ ಬಂದ್ರೂ ಗುರ್ ಅನ್ನಲ್ಲ ಈಗ. ಎಲ್ಲಿ ಕಲ್ತುಕೊಂಡು ಬಂತಪ್ಪ ಇದು ಅಂದ್ಕಂತಿದ್ದೆ.’

‘ತಪ್ಪು ನನ್ನದು. ಬಿಚ್ಚಿಬಿಡಿ ಅದನ್ನ.’

‘ಹೆಂಗ್ರೀ ಬಿಚ್ಲಿ? ತಪ್ಪು ನಿಮ್ಮದೇ ಇರಬೋದು ಟೀಚರಮ್ಮ. ಹೇಳದೆ ಕಚ್ಚೋದು ಅದಕ್ಕೆ ರೂಢಿ ಆಗೈತಲ್ಲ. ನನ್ನ ಮನೇಲಿ ಮೂರು ಕೂಸು ಅವೆ.’

ಬೈಯಲಿಲ್ಲ ಆಕೆ. ಬೈದಿದ್ದರೆ ಚೆನ್ನಾಗಿತ್ತು. ಹೊರಡಲು ಎದ್ದಾಗ, ಮತ್ತೆ ಗುರ್ ಅನ್ನುವುದನ್ನು ಕಲಿಸಲು ಆಗುತ್ತದೆಯೇ ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ‘ಕಲಿಸಿದೋರು ನೀವು, ನೀವೇ ಬಿಡಿಸಬೇಕು. ಬರ್ರಿ, ಅದು ಉಣ್ಣುವಾಗ ಹತ್ರ ಹೋಗ್ರಿ. ಗುರ್ ಅಂದ್ರೆ ಹಿಂದಕ್ಕೆ ಬರ್ರಿ. ಅನ್ನೋವರೆಗೂ ಹೋಗ್ತಾ ಇರ್ರಿ. ಅಂದ ದಿನ ಬಿಚ್ತೀನಿ.’

ಮನೆಯಲ್ಲಿ ಇನ್ನೂ ಬೇರೆ ನಾಯಿ ತಂದಿಲ್ಲ. ಇದರ ವಿಷಯ ಏನಾಗುತ್ತದೋ ನೋಡೋಣ ಎಂದು ಮಗಳು ಫೋಟೋಗಳನ್ನು ಪಕ್ಕಕ್ಕಿಟ್ಟಿದ್ದಾಳೆ.

ಐದು ಭಾನುವಾರ ಹೋಗಿಬಂದೆ. ಯಜಮಾನಿ ತಟ್ಟೆಗೆ ಮುದ್ದೆ ಹಾಕಿ ದೂರ ಹೋಗಿ ಕೂರುತ್ತಾಳೆ. ನಾನು ಸರಪಳಿಯ ಉದ್ದಕ್ಕೆ ಸಿಗದಷ್ಟು ಅಂತರ ಬಿಟ್ಟು ಅದರತ್ತ ಒಂದೊಂದೇ ಹೆಜ್ಜೆ ಇಡುತ್ತೇನೆ, ಕೈಯಲ್ಲಿ ಏನೂ ಇಲ್ಲ ಎಂದು ತೋರಿಸುತ್ತ. ‘ಬೈಯಿ ನನ್ನನ್ನ’ ಎಂದು ಮೆಲ್ಲಗೆ ಹೇಳುತ್ತೇನೆ. ನಾಯಿ ತಿನ್ನುವುದನ್ನು ನಿಲ್ಲಿಸುತ್ತದೆ. ತಲೆ ತಗ್ಗಿಸಿ, ಆ ಕುಂಟುಗಾಲು ಎಳೆದುಕೊಂಡು, ಸರಪಳಿ ಬಿಗಿಯುವವರೆಗೆ ಹಿಂದೆ ಸರಿದು, ತಟ್ಟೆಯನ್ನು ನನಗೆ ಬಿಟ್ಟುಕೊಡುತ್ತದೆ.